ಮಾತು ಬಿಟ್ಟ ಮೂರು ದಿನ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಮಗು ಎರಡು ಗಂಟೆಯಿಂದ ಅಳುತ್ತಿದೆ, ಅದರ ಮೇಲೆ ಕೂಗಾಡಿಬಿಟ್ಟೆ ಎಂದೆ ನೀನು. ಅದು ನನಗೆ ದೊಡ್ಡದಾಗಿ ಕಾಣಲಿಲ್ಲ. ಆಮೇಲೆ "ನಾನೂ ನಿನ್ನ ಹಾಗೇ ಆಗ್ತಿದ್ದೀನಿ ಅಮ್ಮ" ಎಂದೆಯಲ್ಲ, ಅದು ನಾಟಿತು.

ಮೊದಲು ಮಗುವಿನ ವಿಷಯ. ಅದಕ್ಕೀಗ ಆರು ವಾರ. ಮಕ್ಕಳ ಅಳು ತೀರಾ ಜಾಸ್ತಿ ಇರುವುದೇ ಈ ಹೊತ್ತಿನಲ್ಲಿ. ಮೂರು-ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ಹಸಿವು, ಒದ್ದೆ, ಜ್ವರ ಏನೂ ಇಲ್ಲದಿದ್ದರೂ ಅಳು ನಿಲ್ಲದೆ, ನಿನಗೆ ಸಿಟ್ಟು ನೆತ್ತಿಗೇರಿದರೆ, ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಆಚೆ ಬಂದು ನಿಲ್ಲು. ಏನೇ ಆದರೂ ಹಿಡಿದು ಅಲುಗಾಡಿಸಬೇಡ, ಮಿದುಳಿಗೆ ಪೆಟ್ಟಾಗುತ್ತದೆ. ನಿನಗೆ ಗೊತ್ತಿರುತ್ತದೆ. ಆದರೂ ಹೇಳದೆ ಇರಲಾರೆ.

ಈಗ ನನ್ನ ವಿಷಯ. ನೀನಾಗ ಮೂರನೇ ಕ್ಲಾಸು. ಮಾರ್ಕ್ಸ್ ಕಾರ್ಡಿಗೆ ನನ್ನ ಸಹಿ ನೀನೇ ಹಾಕಿದ್ದೆ. ನಾನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಮಾತು ಬಿಟ್ಟೆ. ಮೂರು ದಿನ. ಕೈ ಎತ್ತದ ಅಮ್ಮ ಅಂತ ಒಳಗೊಳಗೇ ಹೆಮ್ಮೆ ಬೇರೆ. ಎರಡನೇ ದಿನ ಬಟ್ಟೆ ಮಡಚುತ್ತಿದ್ದೆ. ನೀನು ಬಂದು ಪಕ್ಕದಲ್ಲಿ ಕೂತು ಒಂದು ಸಣ್ಣ ಟವೆಲ್ ತೆಗೆದುಕೊಂಡೆ. ಮೂಲೆಗೆ ಮೂಲೆ ಸೇರಿಸಿ ಮಡಚಿದೆ. ಸರಿ ಬರಲಿಲ್ಲವೇನೋ, ಬಿಚ್ಚಿ ಮತ್ತೆ ಮಡಚಿದೆ. ಹಾಗೆ ನಾಲ್ಕು ಸಲ. ಆಮೇಲೆ ನನ್ನ ಮೊಣಕಾಲ ಹತ್ತಿರ ಇಟ್ಟು ಮುಖ ನೋಡಿದೆ. ನಾನು ಟವೆಲ್ ಎತ್ತಿ ಮಿಕ್ಕ ಬಟ್ಟೆಯ ಮೇಲಿಟ್ಟೆ. ನಿನ್ನ ಕಡೆ ತಿರುಗಲಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಮಾಡಿದ್ದು. ಆಟವಾಡಿಸುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖ ಕಲ್ಲು ಮಾಡಿಕೊಂಡು ಎರಡು-ಮೂರು ನಿಮಿಷ ಸುಮ್ಮನೆ ಕೂರಬೇಕು. ಕೂಸು ನಗುತ್ತದೆ, ಕೈ ಚಾಚುತ್ತದೆ, ಕಿರುಚುತ್ತದೆ. ಯಾವುದಕ್ಕೂ ಅಮ್ಮ ಜಗ್ಗದಿದ್ದಾಗ ಮುಖ ಆ ಕಡೆ ತಿರುಗಿಸಿಬಿಡುತ್ತದೆ. ಓದುತ್ತಾ ನನ್ನ ಕಣ್ಣಿಗೆ ಬಂದದ್ದು ಆ ಟವೆಲ್.

ಪ್ರಯೋಗ ಅಲ್ಲಿಗೇ ಮುಗಿಯುವುದಿಲ್ಲ. ತಾಯಿ ಮತ್ತೆ ನಗುತ್ತಾಳೆ, ಮಾತಾಡಿಸುತ್ತಾಳೆ. ಕೂಸು ಸ್ವಲ್ಪ ಮುನಿಸಿಕೊಂಡೇ ಆಟಕ್ಕೆ ಮರಳುತ್ತದೆ. ಎಷ್ಟೇ ಹೊಂದಿಕೊಂಡ ತಾಯಿ-ಮಗುವಿನ ನಡುವೆಯೂ ತಾಳ ತಪ್ಪುತ್ತಲೇ ಇರುತ್ತದಂತೆ. ತಪ್ಪಿದ್ದನ್ನು ಮತ್ತೆ ಕೂಡಿಸಿಕೊಳ್ಳುವುದೇ ದೊಡ್ಡದು ಅಂತ ಟ್ರಾನಿಕ್ ಹೇಳುತ್ತಾರೆ. ನೀನು ಕೂಗಿದ ಮೇಲೆ ಮಗುವನ್ನು ಎತ್ತಿಕೊಂಡೆ ಅಲ್ವಾ? ಬೆನ್ನು ತಟ್ಟುವ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ನಾನು ಮೂರು ದಿನ ಮಾಡದ್ದನ್ನು ನೀನು ಮೂರು ನಿಮಿಷದಲ್ಲಿ ಮಾಡಿದೆ. ನನ್ನ ಹಾಗೆ ಎಲ್ಲಿ ಆದೆ?

ಅದೂ ಬೆಳೆಯುತ್ತದೆ, ಸುಳ್ಳು ಹೇಳುತ್ತದೆ. ತಪ್ಪನ್ನು ತಪ್ಪು ಅಂತಲೇ ಹೇಳು, ಸಡಿಲ ಬಿಡಬೇಡ. ಆದರೆ ಮಾತು ಬಿಡಬೇಡ. ಯಾಕೆ ಸುಳ್ಳು ಹೇಳಬೇಕಾಯಿತು ಅಂತ ಕೇಳು. ನಾನು ಕೇಳಲೇ ಇಲ್ಲ. ಮಾರ್ಕ್ಸ್ ನೋಡಿ ಅಮ್ಮ ಏನಂತಾಳೋ ಅಂತ ನೀನು ಹೆದರಿದ್ದೆ ಅಲ್ವಾ? ಆ ಹೆದರಿಕೆ ಹುಟ್ಟಿಸಿದವಳೂ ನಾನೇ.

ತಪ್ಪಾಯಿತು ಪುಟ್ಟಿ. ಆಗಲೇ ಹೇಳಬೇಕಿತ್ತು.

ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ಬೈಯುವುದಿದ್ದರೂ ಮಾಡು. ಎತ್ತುತ್ತೇನೆ.

ಅಮ್ಮ