ನಿನ್ನ ಕೈಯ ಭಯ

ಪ್ರೀತಿಯ ಪುಟ್ಟಿ,

ನೀನು ರಷ್ಯಾಕ್ಕೆ ಡಾಕ್ಟರಿಕೆ ಓದಲು ಹೋದದ್ದು, ಸಾಲದ ಕಥೆ, ಅಲ್ಲಿಯ ಚಳಿ, ನಿಮ್ಮಪ್ಪನ ಹಟ, ಇವೆಲ್ಲ ಮನೆಯವರಿಗೆ ಗೊತ್ತಿದ್ದದ್ದೇ. ಆದರೆ ಪತ್ರದ ಕೊನೆಯಲ್ಲಿ ಗೀಚಿದ್ದೀಯಲ್ಲ, "ಅತ್ತೆ, ನಾಲ್ಕನೇ ವರ್ಷ ಮುಗೀತಾ ಬಂತು, ಒಬ್ಬ ರೋಗಿಯ ಹೊಟ್ಟೆಯನ್ನೂ ಸರಿಯಾಗಿ ಮುಟ್ಟಿ ನೋಡಿಲ್ಲ. ನಾಳೆ ನನ್ನ ಕೈಯಲ್ಲಿ ಯಾರಾದರೂ ಸತ್ತರೆ?" ಅಂತ. ಅದನ್ನು ಓದಿ ನಿದ್ದೆ ಹತ್ತಲಿಲ್ಲ.

ಹೆದರಬೇಡ ಅಂತ ಸುಮ್ಮನೆ ಹೇಳಲಾರೆ. ಅಲ್ಲಿ ನಿನ್ನ ಹಾಗೆ ಗುಂಪಿನ ಹಿಂದೆ ನಿಂತು, ಮಂಚದ ಮೇಲಿನ ಮುದುಕಿ ಏನಂದಳು ಅಂತ ಪಕ್ಕದವರನ್ನು ಕೇಳಿ ಬರೆದುಕೊಳ್ಳುವುದು ಕಲಿಕೆಯಲ್ಲ, ನಿಜ. ಆದರೆ ಇಲ್ಲೇ ಓದಿದವರನ್ನೂ ಕಂಡವಳು ನಾನು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸದಾಗಿ ಬಂದ ಡಾಕ್ಟರಿಗೆ ಮೊದಲ ಹೆರಿಗೆಯಲ್ಲಿ ಕೈ ನಡುಗುತ್ತಿತ್ತು, ಪದಕ ಪಡೆದವರಿಗೂ. ಮಗುವಿನ ತಲೆ ಕಂಡಾಗ "ಸರ್, ಎಳೀಬೇಡಿ, ತಾನಾಗೇ ಬರುತ್ತೆ" ಅಂತ ಹೆರುವವಳಿಗೆ ಕೇಳಿಸದ ಹಾಗೆ ಪಿಸುಗುಟ್ಟುತ್ತಿದ್ದವಳು ನಾನೇ. ಕೆಲವರು ಕೇಳಿದರು. ಕೆಲವರು ಮುಖ ಕೆಂಪು ಮಾಡಿಕೊಂಡರು.

ನನಗೂ ಡಾಕ್ಟರಾಗುವ ಆಸೆ ಇತ್ತು. ಹುಡುಗಿಗೆ ನರ್ಸಿಂಗ್ ಸಾಕು ಅಂದರು ನಿಮ್ಮ ತಾತ. ನಾನು ಕೈ ಪಳಗಿಸಿಕೊಟ್ಟ ಹುಡುಗ ಡಾಕ್ಟರುಗಳೆಲ್ಲ ಪಿಜಿ ಸೀಟು ಸಿಕ್ಕಿ ಹೊರಟುಹೋದಾಗ, ಖಾಲಿ ಕುರ್ಚಿ ನೋಡಿ ಹೊಟ್ಟೆ ಉರಿದದ್ದುಂಟು. ಬಯಲು ಸೀಮೆಯಲ್ಲಿ 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಕೇಂದ್ರ ಅಂತ ಸರ್ಕಾರದ ಲೆಕ್ಕ. ಅದು ಕಟ್ಟಡದ ಲೆಕ್ಕ. ಡಾಕ್ಟರಿಲ್ಲದ ರಾತ್ರಿ ಹೆರಿಗೆಯಾದವಳಿಗೆ ರಕ್ತ ನಿಲ್ಲದೆ, ಗರ್ಭಕೋಶ ಬಿಗಿಯಾಗಲು ಆಕ್ಸಿಟೋಸಿನ್ ಕೊಟ್ಟು, ಹೊಟ್ಟೆ ನೀವುತ್ತಾ 108ಕ್ಕೆ ಕಾಯುವುದು ಹೇಗಿರುತ್ತೆ ಅಂತ ನಿನಗೆ ಬರೆಯಬಾರದಿತ್ತೇನೋ.

ಯಾಕೆ ಬರೆದೆ ಅಂದರೆ, ನಿನ್ನ ಕೈ ನಡುಗುತ್ತೆ ಅನ್ನುವುದಕ್ಕಿಂತ, ಆಗ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅನ್ನುವುದೇ ನನ್ನನ್ನು ಕೊರೆಯುತ್ತಿದೆ. ಡಾಕ್ಟರು ಇಲ್ಲದ ಕಡೆಗೇ ಹೊಸಬರನ್ನು ಕಳಿಸುತ್ತಾರೆ. ಅಲ್ಲಿ ಕೇಳೋಣ ಅಂದರೆ ಹಿರಿಯರಿರುವುದಿಲ್ಲ.

ಹೊರದೇಶದಲ್ಲಿ ಓದಿ ಬಂದವರು ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಗೆ ಓದು, ಬೇಡ ಅನ್ನಲ್ಲ. 300ಕ್ಕೆ 150 ಬಂದರೆ ಪಾಸು. ಆದರೆ ಅದು ಸರಿ ಉತ್ತರ ಗುರುತಿಸುವ ಪರೀಕ್ಷೆ, ನಿನ್ನ ಕೈಯನ್ನು ಯಾರೂ ನೋಡುವುದಿಲ್ಲ. 2021ರ ನಿಯಮದಂತೆ ಅಲ್ಲಿ 12 ತಿಂಗಳು, ಇಲ್ಲಿ ಮತ್ತೆ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕಲ್ಲ, ವರ್ಷ ದಂಡ ಅಂತ ನಿಮ್ಮವರೆಲ್ಲ ಗೊಣಗುತ್ತಾರಂತೆ. ನನಗೇನೋ ಇಲ್ಲಿಯ ಆ ವರ್ಷವೇ ನಿನಗೆ ದಕ್ಕುವ ಆಸ್ತಿ ಅನ್ನಿಸುತ್ತೆ. ಹಾಜರಿ ಹಾಕಿ ಓದಲು ಬಿಡುವ ಆಸ್ಪತ್ರೆ ಹುಡುಕಬೇಡ. ಹೆರಿಗೆ ವಾರ್ಡಿನಲ್ಲಿ ಜನ ತುಂಬಿರುವ ಜಿಲ್ಲಾಸ್ಪತ್ರೆ ಸಿಕ್ಕರೆ ಹೋಗು. ಗೊತ್ತಿಲ್ಲದ್ದನ್ನು ನರ್ಸಮ್ಮನ ಹತ್ತಿರ ಮುಚ್ಚಿಡಬೇಡ, ಅವಳಿಗೆ ಮೊದಲೇ ಗೊತ್ತಾಗಿರುತ್ತೆ. ಅಲ್ಲಿರುವಷ್ಟು ದಿನ ರಷ್ಯನ್ ಮಾತು ಇನ್ನಷ್ಟು ಕಲಿತರೆ ಮಂಚದ ಹತ್ತಿರ ಹೋಗಲು ಧೈರ್ಯ ಬರಬಹುದು. ನಾನೇನು ಆ ಊರು ಕಂಡವಳಲ್ಲ.

ಬೇಸಿಗೆ ರಜಕ್ಕೆ ಬಂದರೆ ಇಲ್ಲಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲವು ದಿನ ನಿಂತು ನೋಡಲು ಬಿಡುತ್ತಾರಾ ಅಂತ ಕೇಳುತ್ತೇನೆ. ಲೇಬರ್ ರೂಮಿನ ಸಿಸ್ಟರ್ ನನ್ನ ಜೊತೆ ಕೆಲಸ ಮಾಡಿದವಳು. ವೈದ್ಯಾಧಿಕಾರಿ ಒಪ್ಪಬೇಕು, ಅದು ನನ್ನ ಕೈಯಲ್ಲಿಲ್ಲ. ಬರುವ ತಾರೀಖು ಗೊತ್ತಾದರೆ ಮುಂಚೆಯೇ ತಿಳಿಸು.

ನಿನ್ನ ಅತ್ತೆ