ಕೊನೆಯ ಕಂತು ಕೊಟ್ಟ ಮೇಲೆ

ಮೊನ್ನೆ ಬನ್ನಿ ಹಬ್ಬದ ದಿನ ನಮ್ಮ ಮನೆ ಕೆಲಸದ ಕೊನೆಯ ಕಂತನ್ನು ಮೇಸ್ತ್ರಿ ಕೈಗೆ ಕೊಟ್ಟೆವು. ಒಂದು ಮಳೆಗಾಲ ಪೂರ್ತಿ ಕಳೆಯಬೇಕು, ಎಲ್ಲೂ ಸೋರಲಿಲ್ಲ ಅಂತ ಖಾತ್ರಿ ಆಗಬೇಕು, ಆಮೇಲೆಯೇ ಆ ಹಣ ಅಂತ ಕರಾರು ಇತ್ತು. ಆ ಕರಾರು ಹಾಕಿದ್ದು ನಾವಲ್ಲ, ಅವರೇ. ಹಾಗಾಗಿ ಮನೆ ಮುಗಿಯಿತು ಅಂತ ಈಗ ಧೈರ್ಯವಾಗಿ ಹೇಳಬಹುದು. ಈ ವರ್ಷ ಫೋನ್ ಮಾಡಿ ವಿಚಾರಿಸಿದವರು, ಮನೆ ತನಕ ಬಂದವರು ಬಹಳ ಜನ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡದ ಹೊಸಯಲ್ಲಾಪುರದ ನಮ್ಮ ಹಳೆ ಮಣ್ಣಿನ ಮನೆಯ ಕಥೆ ನಿಮಗೆ ಗೊತ್ತು. ಮಾವ ಬಚ್ಚಲಲ್ಲಿ ಬಿದ್ದದ್ದು, ಆಸ್ಪತ್ರೆ, ಆಮೇಲಿನದು, ಎಲ್ಲ ಗೊತ್ತು. ಮೊದಲು ಬಂದ ಕಾಂಟ್ರ್ಯಾಕ್ಟರ್ ಅಡ್ವಾನ್ಸ್ ತಗೊಂಡು, ಹಿಂದಿನ ಅರ್ಧ ಮನೆಯ ಹಂಚು ಇಳಿಸಿ, ಒಂದು ಗೋಡೆ ಕೆಡವಿ, ಫೋನ್ ಎತ್ತೋದು ಬಿಟ್ಟದ್ದೂ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ.

ಮೊದಲು ಎಲ್ಲರಿಗೂ. ಸಾಲಿಯಲ್ಲಿ ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಟೀಚರ್‌ಗಳಿಗೆ, ವಾರಕ್ಕೊಮ್ಮೆ ಹಾವೇರಿಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ ಅಕ್ಕನಿಗೆ, ಸ್ಲ್ಯಾಬಿಗೆ ನೀರು ಹಿಡಿಯಬೇಕಾದಾಗ ನಳದ ನೀರಿನ ಪಾಳಿ ಕಾಯದೆ ತಮ್ಮ ಬೋರಿನ ಪೈಪ್ ಗೋಡೆ ಮೇಲಿಂದ ಎಸೆದ ಪಕ್ಕದ ಮನೆಯವರಿಗೆ, ಧೂಳಿಗೆ ಒಂದು ಮಾತೂ ಆಡದ ಎದುರು ಮನೆಯ ಅಜ್ಜಿಗೆ, ಸಾಲದ ಕಾಗದ ಬೇಗ ಮುಗಿಸಿಕೊಟ್ಟ ಬ್ಯಾಂಕಿನ ಗೆಳತಿಗೆ, ಹಳೆಯ ವೈರಿಂಗ್ ಎಲ್ಲ ಕಿತ್ತು ಹೊಸದು ಎಳೆದು, ನಾವು ಕೇಳದಿದ್ದರೂ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಕೂರಿಸಿದ ಹುಡುಗನಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ. ಒಬ್ಬೊಬ್ಬರ ಬಗ್ಗೆ ಒಂದೊಂದು ಪುಟ ಬರೆಯಬಹುದು. ಬರೆಯುತ್ತಿಲ್ಲ, ಸಿಟ್ಟಾಗಬೇಡಿ. ಯಾಕೆ ಅಂತ ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಈಗ ಮೇಸ್ತ್ರಿ ವಿಷಯ. ಹೆಸರು ಬರೆಯಲೇ ಅಂತ ಕೇಳಿದೆ. "ಹೆಸರು, ನಂಬರು ಏನೂ ಹಾಕಬ್ಯಾಡ್ರಿ ಅಕ್ಕಾರ, ಹಿಡದ ಕೆಲಸಾನ ಮುಗಿಯವಲ್ವು" ಅಂದರು. ನಮ್ಮ ಮಕ್ಕಳು ಅವರನ್ನು ಗೌಂಡಿ ಕಾಕಾ ಅಂತ ಕರೆಯುತ್ತಾರೆ. ಇಲ್ಲಿಯೂ ಅದೇ ಇರಲಿ.

ಕಾಕಾ ಮೊದಲ ಸಲ ಬಂದಾಗ ರೇಟ್ ಹೇಳಲಿಲ್ಲ. ನಾನು ಕೇಳಿದೆ, ಕೇಳಿಸದವರಂತೆ ಒಳಗೆ ಹೋದರು. ಅಡುಗೆ ಮನೆಯ ತೊಲೆ ಗೋಡೆಯೊಳಗೆ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರು. ಅದು ಹಿಡಿಕೆಯ ತನಕ ಒಳಗೆ ಹೋಯಿತು. ಗೋಡೆಯ ಆ ಕಡೆ ಬಚ್ಚಲು. ವರ್ಷಗಟ್ಟಲೆ ಗೋಡೆ ಕುಡಿದ ನೀರು ತೊಲೆಯ ತುದಿಯನ್ನು ತಿಂದಿತ್ತು, ಉಳಿದದ್ದನ್ನು ಗೆದ್ದಲು ತಿಂದಿತ್ತು. "ಇದು ತೊಲಿ ಅಲ್ರಿ, ಬರೇ ತೊಗಟಿ. ಈ ಗ್ವಾಡಿ ತಗದ್ರ ಮ್ಯಾಲಿನ ಭಾರ ಯಾರ ಮ್ಯಾಲೆ ಕೂಡ್ತೈತಿ?" ಅಂತ ನನ್ನನ್ನೇ ಕೇಳಿದರು. ಅದಕ್ಕೂ ಮೊದಲು ಈ ಮನೆ ನೋಡಿ ರೇಟ್ ಹೇಳಿ ಹೋದವರು ಎಷ್ಟೋ ಜನ. ಒಬ್ಬರೂ ತೊಲೆ ಮುಟ್ಟಿ ನೋಡಿರಲಿಲ್ಲ.

ಆಮೇಲೆ ತಾವು ಕಟ್ಟಿದ ಎರಡು ಮನೆಗಳ ವಿಳಾಸ ಕೊಟ್ಟರು. ಹೊಸ ಮನೆಗಳಲ್ಲ. ಕೆಲವು ಮಳೆಗಾಲ ಕಂಡ ಮನೆಗಳು. "ಹೊಸಾವು ಎಲ್ಲಾರ್ವೂ ಚಂದ ಕಾಣತಾವ. ಮನಿ ಯಜಮಾನ್ರನ್ನ ಕೇಳಬ್ಯಾಡ್ರಿ, ಹೆಣ್ಮಕ್ಕಳನ್ನ ಕೇಳ್ರಿ, ಬಚ್ಚಲಾ ಒರಸಾವ್ರು ಅವರು" ಅಂದರು. ನನಗೆ ಅಲ್ಲಿಯೇ ಅರ್ಧ ನಂಬಿಕೆ ಬಂತು.

ಉಳಿದರ್ಧ ಬಂದದ್ದು ಆ ರಾತ್ರಿ.

ಅವರು ಕೆಲಸ ಹಿಡಿದು ಇನ್ನೂ ವಾರವೂ ಆಗಿರಲಿಲ್ಲ. ಮೇ ತಿಂಗಳು. ಸಂಜೆ ಅಡ್ಡಮಳೆ ಶುರುವಾಯಿತು. ಗಾಳಿ ಅಂದರೆ ಗಾಳಿ. ಕರೆಂಟ್ ಹೋಯಿತು. ಹಿಂದಿನ ಭಾಗಕ್ಕೆ ಹಂಚಿಲ್ಲ, ಹೊದಿಸಿದ್ದ ತಾಡಪತ್ರಿ ಹಾರಿ ಹೋಯಿತು. ನಮ್ಮನೆಯವರು ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದರು. ನಾನು, ಮಕ್ಕಳು, ನಡುಮನೆಯ ಮಂಚದಲ್ಲಿ ಮಾವ. ಕೆಡವಿದ ಗೋಡೆಯ ಮಣ್ಣು ಹಿತ್ತಲಲ್ಲಿ ಗುಡ್ಡೆ ಬಿದ್ದಿತ್ತಲ್ಲ, ಅದು ನೀರು ಹರಿಯುವ ದಾರಿಗೆ ಅಡ್ಡ ಬಂದು, ನೀರೆಲ್ಲ ನಡುಮನೆ ಗೋಡೆಯ ಬುಡಕ್ಕೆ ನಿಂತಿತು. ಮಣ್ಣಿನ ಗೋಡೆ ಎರಡು ಅಡಿ ದಪ್ಪ ಇದ್ದರೂ ಬುಡ ನೆನೆದರೆ ಅದರ ಶಕ್ತಿ ಹೋಗುತ್ತದೆ. ರಾತ್ರಿ ಊಟದ ಹೊತ್ತಿಗೆ ಸರ ಸರ ಅಂತ ಮಣ್ಣು ಉದುರುವ ಸಪ್ಪಳ ಕೇಳಿಸಿತು. ಬ್ಯಾಟರಿ ಹಿಡಿದು ನೋಡಿದರೆ ಗೋಡೆ ಹೊಟ್ಟೆ ಬಿಟ್ಟಿದೆ.

ಧಾರವಾಡದಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. 19 ಜನ ಹೋದರು. ದಿನಗಟ್ಟಲೆ ಅವಶೇಷದ ಕೆಳಗಿಂದ ಜನರನ್ನು ತೆಗೆಯುತ್ತಿದ್ದದ್ದನ್ನು ಊರೆಲ್ಲ ಉಸಿರು ಹಿಡಿದು ನೋಡಿತ್ತು. ನಮ್ಮದು ಒಂದೇ ಅಂತಸ್ತಿನ ಹಳೆ ಮನೆ, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ, ನಿಜ. ಆದರೆ ಕತ್ತಲಲ್ಲಿ ಮಣ್ಣು ಉದುರುವಾಗ ತಲೆಗೆ ಬರೋದು ಅದೇ.

ಕಾಕಾಗೆ ಫೋನ್ ಮಾಡಿದೆ. ಇರೋದು ನವಲೂರಿನಲ್ಲಿ. "ಬರ್ತೀನ್ರಿ, ಗ್ವಾಡಿ ಸನೇಕ ಯಾರೂ ಹೋಗಬ್ಯಾಡ್ರಿ" ಅಂತ ಇಟ್ಟರು. ಆ ಮಳೆಯಲ್ಲಿ ಬೈಕ್ ಮೇಲೆ ಬಂದರು, ಹಿಂದೆ ಅವರ ತಮ್ಮನ ಮಗ. ಸ್ವಲ್ಪ ಹೊತ್ತಿಗೆ ಒಂದು ಟಂಟಂನಲ್ಲಿ ಕಬ್ಬಿಣದ ಜ್ಯಾಕ್, ಹಲಗೆಗಳು ಬಂದವು. ಯಾರ ಕೆಲಸದ ಜಾಗದಿಂದ ಎತ್ತಿಸಿದರೋ ಗೊತ್ತಿಲ್ಲ.

ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದೆವು. ಮಾವ ಏಳಲಿಲ್ಲ. "ನನ್ನ ಇಲ್ಲೇ ಬಿಡ್ರಿ. ಇದು ಆಕಿ ಕೈಲೆ ಸಾರಿಸಿದ ಮನಿ. ಬಿದ್ದರ ಇಬ್ಬರೂ ಕೂಡೇ ಬೀಳ್ತೇವಿ" ಅಂದರು. ಅತ್ತೆ ತೀರಿಕೊಂಡ ಮೇಲೆ ಅವರು ಅತ್ತೆಯ ಮಾತು ಎತ್ತಿದ್ದು ಅದೇ ಮೊದಲು. ನಾನು ಅಡುಗೆ ಮನೆಯ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ. ಸುಮ್ನೆ ಅಲ್ಲ, ಜೋರಾಗಿ. ಈ ಮನೆ ಮಾರಿ ಬಿಡೋಣ, ನನಗೆ ಸಾಕಾಗಿದೆ ಅಂತ ಯಾರಿಗೆ ಹೇಳುತ್ತಿದ್ದೇನೆ ಅಂತ ಗೊತ್ತಿಲ್ಲದೆ ಹೇಳಿದೆ. ಕಾಕಾ ನನ್ನ ಕಡೆ ನೋಡಲಿಲ್ಲ, ಅದಕ್ಕೆ ಈಗಲೂ ಋಣಿ. ಮಾವನ ಮಂಚದ ಹತ್ತಿರ ಕೂತರು. "ಅಜ್ಜಾರ, ಮನಿ ಎಲ್ಲೂ ಹೋಗೂದಿಲ್ಲ, ನಾ ಇದ್ದೀನಲ್ರಿ. ನೀವು ಒಂದ್ ನಾಕ್ ಹೆಜ್ಜಿ ಪಡಸಾಲಿಗೆ ಬರ್ರಿ. ಪಡಸಾಲಿ ಭಾರ ಕಂಬದ ಮ್ಯಾಲೆ ಐತಿ, ಗ್ವಾಡಿ ಮ್ಯಾಲಿಲ್ಲ. ಅದು ನಿಮಗ ಗೊತ್ತಿದ್ದದ್ದ" ಅಂದರು. ಮಾವ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರು. ಭಾರದ ಲೆಕ್ಕ ಹೇಳಿದ್ದಕ್ಕೋ ಏನೋ, ಒಪ್ಪಿಕೊಂಡರು. ಕಾಕಾ, ಅವರ ತಮ್ಮನ ಮಗ ಇಬ್ಬರೂ ಸೇರಿ ಮಂಚ ಸಮೇತ ಎತ್ತಿ ಪಡಸಾಲೆಗೆ ತಂದರು.

ಆಮೇಲೆ ಕೆಲಸ. ಮೊದಲು ಗೋಡೆ ಮುಟ್ಟಲಿಲ್ಲ. ಮಳೆಯಲ್ಲಿ ಹಿತ್ತಲಿಗೆ ಇಳಿದು ಸಲಿಕೆಯಿಂದ ಕಾಲುವೆ ತೆಗೆದು, ನಿಂತ ನೀರನ್ನು ಬೀದಿಯ ಗಟಾರಕ್ಕೆ ಬಿಟ್ಟರು. ಆಮೇಲೆ ತೊಲೆಗಳ ಕೆಳಗೆ ಹಲಗೆ ಕೊಟ್ಟು ಜ್ಯಾಕ್ ಏರಿಸಿ, ಭಾರವನ್ನು ಗೋಡೆಯಿಂದ ತಪ್ಪಿಸಿದರು. ಓಣಿಯವರು ತಂದುಕೊಟ್ಟ ತಾಡಪತ್ರಿ ಹೊದಿಸಿದರು. ಅಷ್ಟಾದ ಮೇಲೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ತೂಗುಗುಂಡನ್ನು ಮೇಲಿನ ತೊಲೆಗೆ ಕಟ್ಟಿ ಗೋಡೆಗುಂಟ ಇಳಿಬಿಟ್ಟು, ಗುಂಡಿಗೂ ಗೋಡೆಗೂ ಎಷ್ಟು ಅಂತರ ಅಂತ ಚಾಕ್‌ಪೀಸಿನಿಂದ ಗುರುತು ಹಾಕಿದರು. ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪ ಹೊತ್ತಿಗೆ ಎದ್ದು ಬ್ಯಾಟರಿ ಬಿಟ್ಟು ನೋಡೋದು, ಬಂದು "ಅಲ್ಲೇ ಐತ್ರಿ" ಅನ್ನೋದು. ನಡುವೆ ಮಾವನ ಜೊತೆ ವರ್ಕ್‌ಶಾಪಿನ ಮಾತು. ಬಿಸಿ ರಿವೆಟ್ ಹೊಡೆಯೋದು ಹೇಗೆ ಅಂತ ಮಾವ ಕೈ ಮಾಡಿ ತೋರಿಸುತ್ತಿದ್ದರು. ಬಿದ್ದ ಮೇಲೆ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ಗೋಡೆಗೆ ನೀರು ಕುಡಿಸಿದ್ದು ಕಾಕಾ ಅಲ್ಲ. ಮಣ್ಣು ಗುಡ್ಡೆ ಹಾಕಿ ಹೋದವರೂ ಅವರಲ್ಲ. 'ನಾ ಬರೂಕಿಂತ ಮೊದಲಿಂದು' ಅಂತ ಹೇಳಿ ಸುಮ್ಮನಿರಬಹುದಿತ್ತು. ಎಷ್ಟೋ ತಿಂಗಳ ಮೇಲೆ ಕೇಳಿದೆ, ಯಾಕೆ ಉಳಿದಿರಿ ಅಂತ. "ಮನಿಗೆ ಹೋದ್ರ ನಿದ್ದಿ ಹತ್ತತಿರಲಿಲ್ರಿ. ಇಲ್ಲಿ ಕೂತ್ರ ಗ್ವಾಡಿನರ ಕಾಣತಿತ್ತು" ಅಂದರು. ಅಷ್ಟೇ.

ಬೆಳಿಗ್ಗೆ ಮಳೆ ನಿಂತಿತ್ತು. ಅವರು ಚಹಾ ಕುಡಿದು, ಖರ್ಚು ಜಾಸ್ತಿ ಆಗುತ್ತದೆ ಅಂತ ಅಲ್ಲೇ ಹೇಳಿದರು. ಆ ಗೋಡೆ ಇಳಿಸಿ ಮತ್ತೆ ಕಟ್ಟಬೇಕು, ತೊಲೆ ಎರಡು ಬದಲಿಸಬೇಕು, ಎಷ್ಟು ಆಗಬಹುದು ಅಂತ ನನ್ನ ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟರು. ಕೆಟ್ಟ ಸುದ್ದಿಯನ್ನು ಕೆಲಸ ಅರ್ಧ ಆದ ಮೇಲೆ ಹೇಳುವವರನ್ನು ನೋಡಿದ ನಮಗೆ, ಮೊದಲೇ ಹೇಳುವವರು ಸಿಕ್ಕಿದ್ದು ಹಬ್ಬವೇ.

ಆಮೇಲಿನ ತಿಂಗಳುಗಳನ್ನು ಪೂರ್ತಿ ಬರೆಯಲು ಹೋದರೆ ಮುಗಿಯೋದಿಲ್ಲ. ಕೆಲವು ಮಾತ್ರ ಹೇಳುತ್ತೇನೆ, ಮನೆ ಕೆಲಸ ಹಿಡಿಯುವ ಯೋಚನೆಯಲ್ಲಿರುವವರಿಗೆ ಉಪಯೋಗವಾದೀತು. ಸಿಮೆಂಟ್, ಸಳಿ (ಕಬ್ಬಿಣದ ಸರಳು) ನಮ್ಮ ಹೆಸರಿನ ಬಿಲ್ಲಿಗೇ ಬಂತು. 12 ಎಂಎಂ ಸಳಿ 12 ಮೀಟರ್ ಉದ್ದದ್ದು ಹೆಚ್ಚೂಕಡಿಮೆ 10.6 ಕೆಜಿ ಬರಬೇಕು ಅಂತ ಹೇಳಿ, ಅಂಗಡಿಯ ಕಾಟಾ ಮೇಲೆ ನನ್ನ ಎದುರೇ ತೂಗಿಸಿದರು. ದುಡ್ಡು ಕೊಡೋದು ತಾರೀಖಿಗಲ್ಲ, ಕೆಲಸದ ಹಂತಕ್ಕೆ: ಬುನಾದಿ, ಲಿಂಟಲ್, ಸ್ಲ್ಯಾಬ್, ಗಿಲಾವು (ಪ್ಲಾಸ್ಟರ್). ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ಸಲೀಸಾಗಿ ಸುರಿಯಲಿ ಅಂತ ಹುಡುಗರು ನೀರು ಜಾಸ್ತಿ ಹಾಕಲು ನೋಡುತ್ತಿದ್ದರು. ಕಾಕಾ ಕ್ಯಾನ್ ಕೈಯಲ್ಲಿ ಹಿಡಿದು ಮಿಕ್ಸರ್ ಹತ್ತಿರವೇ ನಿಂತರು. 50 ಕೆಜಿಯ ಸಿಮೆಂಟ್ ಚೀಲಕ್ಕೆ 30 ಲೀಟರಿಗಿಂತ ಜಾಸ್ತಿ ನೀರು ಇಲ್ಲ, ಉಸುಕು ಹಸಿ ಇದ್ದರೆ ಇನ್ನೂ ಕಡಿಮೆ. ಬೈಗುಳ ಬಹಳ ಕೇಳಿಬಂದವು, ಎರಡೂ ಕಡೆಯಿಂದ. ಮುಂದಿನ ಹಳೆ ಮಣ್ಣಿನ ಗೋಡೆಗಳಿಗೆ ಸಿಮೆಂಟ್ ಗಿಲಾವು ಬೇಕು, ನುಣ್ಣಗೆ ಕಾಣುತ್ತದೆ ಅಂತ ನಾನು ಹಟ ಹಿಡಿದೆ. ಅವರು ಕೇಳಲಿಲ್ಲ. ಸಿಮೆಂಟ್ ಹಚ್ಚಿದರೆ ಗೋಡೆಯೊಳಗಿನ ತೇವ ಹೊರಗೆ ಬರಲು ದಾರಿ ಸಿಗದೆ ಒಳಗೇ ಕೊಳೆಯುತ್ತದೆ, ಸುಣ್ಣದ್ದೇ ಆಗಬೇಕು ಅಂತ ಕೂತರು. ಸುಣ್ಣವೇ ಆಯಿತು.

ಬಚ್ಚಲ ಬಾಗಿಲ ಬಗ್ಗೆ ಹೇಳಲೇಬೇಕು. ನಕ್ಷೆಯಲ್ಲಿ ಅದು ಒಳಗೆ ತೆರೆಯುವಂತೆ ಇತ್ತು. ಕಾಕಾ ಅದನ್ನು ಹೊರಗೆ ತೆರೆಯುವಂತೆ ಮಾಡಿಸಿದರು. ಒಳಗೆ ಯಾರಾದರೂ ಬಿದ್ದರೆ, ಮೈ ಬಾಗಿಲಿಗೆ ಅಡ್ಡ ಬಂದರೆ, ಹೊರಗಿನವರು ತೆರೆಯೋದು ಹೇಗೆ ಅಂತ ಕೇಳಿದರು. ಹೊಸ್ತಿಲು ಬೇಡ, ವಾಕರ್ ಹೋಗಬೇಕು. ಹಿಡಿಕೆಯ ಪೈಪನ್ನು ಗೋಡೆಗೆ ಕೂರಿಸಿ, ಅದಕ್ಕೆ ತಾವೇ ಜೋತುಬಿದ್ದು ನೋಡಿದರು. ಮಾವ ಬಿದ್ದ ದಿನ ಬಾಗಿಲು ತೆರೆಯಲು ನಾವು ಪಟ್ಟ ಪಾಡು ಅವರಿಗೆ ಯಾರೂ ಹೇಳಿರಲಿಲ್ಲ.

ಹಾಗಂತ ಕಾಕಾ ದೇವರಲ್ಲ. ಮಧ್ಯಾಹ್ನ ಊಟ ಆದ ಮೇಲೆ ಫೋನ್ ಎತ್ತೋದಿಲ್ಲ. ಕಾರಹುಣ್ಣಿಮೆಗೆ ಊರಿಗೆ ಹೋದ ಹುಡುಗರು ಯಾವಾಗ ಬರುತ್ತಾರೆ ಅಂದರೆ 'ನಾಳಿ ಬರ್ತಾರ್ರಿ' ಅನ್ನುತ್ತಿದ್ದರು, ಆ ನಾಳೆ ಬಹಳ ಉದ್ದ ಇತ್ತು. ಅಡುಗೆ ಮನೆಯ ಕಡಪಾ ಕಲ್ಲಿನ ಒಂದು ಶೆಲ್ಫ್ ಒಂದು ಬೆರಳು ವಾರೆ ಇದೆ. ತೋರಿಸಿದೆ. ದೂರ ನಿಂತು, ಹತ್ತಿರ ನಿಂತು ನೋಡಿ, "ಡಬ್ಬಿ ಜಾರಂಗಿಲ್ರಿ" ಅಂದರು. ಜಾರಿಲ್ಲ, ನಿಜ.

ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂದಾಗ ಮಾವ ಅವರ ಕೈ ಬಿಡಲೇ ಇಲ್ಲ. ನಾನು ಏನೇನೋ ಹೇಳಬೇಕು ಅಂದುಕೊಂಡಿದ್ದೆ. ಲಕೋಟೆ ಕೊಟ್ಟು, ಹೋಳಿಗೆ ಬಡಿಸಿದೆ. ಆಗ ಹೇಳಲಾಗದ್ದನ್ನು ಈಗ ಹೇಳುತ್ತೇನೆ: ಕಾಕಾ, ಆ ರಾತ್ರಿ ನೀವು ಬರದಿದ್ದರೆ ಗೋಡೆ ಏನಾಗುತ್ತಿತ್ತೋ ಗೊತ್ತಿಲ್ಲ, ನಾನಂತೂ ಮರುದಿನವೇ ಮನೆ ಮಾರುತ್ತಿದ್ದೆ. ನಿಮ್ಮ ಮಗಳು ಇದನ್ನು ನಿಮಗೆ ಓದಿ ಹೇಳುತ್ತಾಳೆ ಅಂತ ಗೊತ್ತು. ಅವಳಿಗೂ ಥ್ಯಾಂಕ್ಸ್, ಆ ರಾತ್ರಿ ಅಪ್ಪನನ್ನು ಮಳೆಯಲ್ಲಿ ಕಳಿಸಿದ್ದಕ್ಕೆ.

ಕೊನೆಗೆ ಒಂದು ಕೆಲಸದ ಮಾತು. ಆವತ್ತು ಓಣಿಯವರು ತಂದುಕೊಟ್ಟ ಸಾಮಾನು ಇನ್ನೂ ನಮ್ಮ ಹತ್ತಿರವೇ ಇದೆ. ಎರಡು ನೀಲಿ ತಾಡಪತ್ರಿ, ಒಂದು ಬಿದಿರಿನ ಏಣಿ, ದೊಡ್ಡ ಬ್ಯಾಟರಿ ಒಂದು, ಮತ್ತೆ ಯಾರ ಮನೆಯದೋ ಸ್ಟೀಲ್ ಡಬ್ಬಿಗಳು, ಅದರಲ್ಲೊಂದಕ್ಕೆ ಮುಚ್ಚಳ ಬೇರೆಯವರದು. ಈ ಭಾನುವಾರ ಮನೆಯಲ್ಲೇ ಇರುತ್ತೇವೆ, ಬಂದು ಗುರುತು ಹೇಳಿ ತಗೊಂಡು ಹೋಗಿ. ಊಟದ ಹೊತ್ತಿಗೇ ಬನ್ನಿ, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಬನ್ನಿ. ಬಚ್ಚಲ ಬಾಗಿಲು ಹೊರಗೆ ತೆರೆಯೋದನ್ನು ತೋರಿಸದೆ ಮಾವ ಯಾರನ್ನೂ ಬಿಡುವುದಿಲ್ಲ.