ಸೌಟಿನ ಲೆಕ್ಕ ನಿಲ್ಲಿಸಿದ್ದೇಕೆ: ನಮ್ಮ ಗಿರಾಕಿಗಳಿಗೆ ಒಂದು ಕಾಗದ

ಆತ್ಮೀಯ ಗಿರಾಕಿಗಳೇ,

ಗಾಳಕ್ಕೆ ಎರೆಯಾಗುವ ಜೀವಂತ ಮೀನು ಮಾರುವ ನಮ್ಮ ಅಂಗಡಿಯ ಬಾಗಿಲಿಗೆ ಅಂಟಿಸಿದ ಇಂಗ್ಲಿಷ್ ಚೀಟಿಯನ್ನು ನೀವೆಲ್ಲ ಓದಿದ್ದೀರಿ. ಇನ್ನು ಮೀನನ್ನು ಸೌಟಿನಲ್ಲಲ್ಲ, ಎಣಿಸಿ ಕೊಡುತ್ತೇವೆ ಎಂದು ಅದರಲ್ಲಿ ಇದ್ದದ್ದು ಮೂರೇ ಸಾಲು. ಅದು ನಮ್ಮ ತಪ್ಪು. ಓದಿದವರು ಮೂವತ್ತು ಅರ್ಥ ಮಾಡಿಕೊಂಡರು. ಶನಿವಾರ ಬಂತೆಂದರೆ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನ್ಯಾಪೊಲಿಸ್ ಕಡೆಯಿಂದ ಇಲ್ಲಿಯ ಮಿಲ್ ಲ್ಯಾಕ್ಸ್ ಸರೋವರಕ್ಕೆ ಗಾಳ ಹಾಕಲು ಬರುವ ನಮ್ಮ ಕನ್ನಡದವರಲ್ಲೇ ಇಬ್ಬರು, "ನೀವೂ ಗಿರಾಕಿಗಳನ್ನು ಸುಲಿಯಲು ಶುರುಮಾಡಿದಿರಾ?" ಎಂದು ಕೇಳಿ ಹೋದರು. ಆ ಮಾತು ಚುಚ್ಚಿತು. ಅದಕ್ಕೇ ಈ ಕಾಗದ, ನಮ್ಮ ಭಾಷೆಯಲ್ಲಿ.

ಬದಲಾದದ್ದು ಇಷ್ಟು. ಜನವರಿಯಿಂದ, ಗಾಳಕ್ಕೆ ಸಿಕ್ಕಿಸುವ ಮಿನ್ನೋ ಎಂಬ ಪುಟ್ಟ ಮೀನುಗಳನ್ನು ಬಲೆಸೌಟಿನ ಅಳತೆಯಲ್ಲಿ ಕೊಡುತ್ತಿಲ್ಲ, ಎಣಿಸಿ ಡಜನ್ ಲೆಕ್ಕದಲ್ಲಿ ಕೊಡುತ್ತಿದ್ದೇವೆ. ಫ್ಯಾಟ್‌ಹೆಡ್ ಜಾತಿಯ ಮಿನ್ನೋ ಡಜನ್ನಿಗೆ 4 ಡಾಲರ್. ಎಮರಾಲ್ಡ್ ಶೈನರ್ ಎಂಬ ಇನ್ನೊಂದು ಜಾತಿ ಬೇಕಾದವರು ಗುರುವಾರ ಸಂಜೆಯೊಳಗೆ ಫೋನ್ ಮಾಡಿ ಹೇಳಬೇಕು. ಸತ್ತ ಮೀನಿಗೆ ಬದಲಿ ಕೊಡುವ ಪದ್ಧತಿ ಇನ್ನು ಮುಂದೆ ಅಂಗಡಿಯ ಹೊಸ್ತಿಲವರೆಗೆ ಮಾತ್ರ.

ಮಂಜುಗಡ್ಡೆಯ ಮೇಲೆ ಗಾಳ ಹಾಕುವ ಋತುವಿನ ನಡುವೆ, ಮೊದಲೇ ತಿಳಿಸದೆ ಇದನ್ನು ಮಾಡಿದ್ದಕ್ಕೆ ಕ್ಷಮೆ ಇರಲಿ. ಆದರೆ ಸೌಟಿನ ಲೆಕ್ಕ ನ್ಯಾಯವಾಗಿತ್ತು ಎಂದು ಮಾತ್ರ ಹೇಳಬೇಡಿ. ನನ್ನ ಕೈ ಧಾರಾಳ, ನನ್ನ ಹೆಂಡತಿಯದು ಬಿಗಿ. ಗಲ್ಲಾದ ಮುಂದೆ ಜನ ಸಾಲು ಬಿಟ್ಟು ನನ್ನ ಸರದಿಗೆ ಕಾಯುತ್ತಿದ್ದುದನ್ನು ಅವಳು ಎಷ್ಟು ವರ್ಷ ನೋಡಿಯೂ ನೋಡದಂತಿದ್ದಳೋ! ಕೊಸರು ಹೋಯಿತು ಎಂದು ಬೇಸರಪಡುವವರಿಗೆ ಒಂದು ಮಾತು: ಮಕ್ಕಳನ್ನು ಕರೆತಂದರೆ ಹದಿಮೂರನೆಯ ಮೀನು ಈಗಲೂ ಉಂಟು.

ಇನ್ನು ಬೆಲೆಯ ಮಾತು. ಈ ಮೀನುಗಳು ಕಾರ್ಖಾನೆಯಲ್ಲಿ ಹುಟ್ಟುವುದಿಲ್ಲ. ರಾಜ್ಯದ ಪಶ್ಚಿಮ ಭಾಗದ ಆಳವಿಲ್ಲದ ಹೊಂಡಗಳಲ್ಲಿ ಬೆಳೆಯುತ್ತವೆ. ಹಿಡಿಯುವವರು ಮೈನಸ್ ಚಳಿಯಲ್ಲಿ ಮಂಜುಗಡ್ಡೆ ಕೊರೆದು ಬೋನು ಇಳಿಸುತ್ತಾರೆ. ಗಡ್ಡೆಯ ಮೇಲೆ ಹಿಮ ದಪ್ಪಗೆ ಕೂತ ವರ್ಷ ಬೆಳಕು ಕೆಳಗಿಳಿಯುವುದಿಲ್ಲ, ನೀರಿನೊಳಗಿನ ಸಸ್ಯಗಳು ಆಮ್ಲಜನಕ ಬಿಡುವುದಿಲ್ಲ, ತಳದಲ್ಲಿ ಕೊಳೆಯುವ ಕಸ ಇದ್ದಬದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಆಗ ಹೊಂಡಕ್ಕೆ ಹೊಂಡವೇ ಉಸಿರುಗಟ್ಟಿ ಸಾಯುತ್ತದೆ. 2023-24ರಂತೆ ಚಳಿಗಾಲ ಬಿಸಿಯಾಗಿಬಿಟ್ಟರೆ ಇನ್ನೊಂದು ಫಜೀತಿ: ಗಡ್ಡೆಯೇ ಸರಿಯಾಗಿ ಕಟ್ಟುವುದಿಲ್ಲ, ನೀವು ಬರುವುದಿಲ್ಲ, ಮೀನು ತೊಟ್ಟಿಯಲ್ಲೇ ಉಳಿಯುತ್ತದೆ. ಉಳಿದರೂ ಗಾಳಿಯ ಪಂಪು ಹಗಲೂ ರಾತ್ರಿ ಓಡಲೇಬೇಕು. ಕರೆಂಟು ಹೋದರೆ ಜನರೇಟರು. ನಾವು ಮಲಗುವ ಕೋಣೆ ತಣ್ಣಗಿದ್ದೀತು, ತೊಟ್ಟಿಯ ಕೋಣೆ ಹೆಪ್ಪುಗಟ್ಟುವಂತಿಲ್ಲ. ಇದಾವುದೂ ಚೀಟಿಯ ಮೂರು ಸಾಲಿನಲ್ಲಿ ಹಿಡಿಸಲಿಲ್ಲ.

"ಆರ್ಕನ್ಸಾದಲ್ಲಿ ಕೃಷಿ ಮಾಡಿದ ಹಾಗೆ ಮಿನ್ನೋ ಸಾಕುತ್ತಾರಂತೆ, ಅಲ್ಲಿಂದ ತರಿಸಿ" ಎನ್ನುವವರಿದ್ದಾರೆ. ಸಾಕುತ್ತಾರೆ, ನಿಜ. ಲೋನೋಕ್ ಊರಿನ ಸುತ್ತ ಅದೇ ದೊಡ್ಡ ಕಸುಬು. ಆದರೆ ಹೊರರಾಜ್ಯದ ಜೀವಂತ ಮಿನ್ನೋವನ್ನು ಗಾಳದ ಎರೆಗೆಂದು ಮಿನ್ನೆಸೋಟಕ್ಕೆ ತರುವಂತಿಲ್ಲ. ಮೀನಿನ ಜೊತೆ ರೋಗ, ಬೇಡದ ಜೀವಿ ಬರುತ್ತವೆಂಬ ಭಯದಿಂದ ಮಾಡಿದ ಕಾನೂನು ಅದು. ವಿಸ್ಕಾನ್ಸಿನ್‌ನಲ್ಲಿ ಅಗ್ಗ ಎಂದು ಅಲ್ಲಿಂದ ಬಕೆಟ್ಟಿನಲ್ಲಿ ತುಂಬಿಕೊಂಡು ಬಂದವರೂ ಅದೇ ಕಾನೂನಿಗೆ ಸಿಕ್ಕಿಬೀಳುತ್ತಾರೆ. ನಮ್ಮನ್ನು ಬೈದು ಪ್ರಯೋಜನವಿಲ್ಲ. ನಾವು ಆ ಕಾನೂನನ್ನು ಒಪ್ಪುವವರೇ. ಮಿಲ್ ಲ್ಯಾಕ್ಸ್‌ಗೆ 2005ರಲ್ಲಿ ಜೀಬ್ರಾ ಮಸಲ್ ಚಿಪ್ಪು ಬಂತು, 2009ರಲ್ಲಿ ಮುಳ್ಳುಬಾಲದ ನೀರುಚಿಗಟ ಬಂತು. ಎರಡೂ ಇವತ್ತಿಗೂ ಹೋಗಿಲ್ಲ.

ಈಗ ಎಲ್ಲರ ಬಾಯಲ್ಲೂ ಇರುವ ದೂರು: "ನಿಮ್ಮ ಮೀನು ಮನೆ ಸೇರುವಷ್ಟರಲ್ಲಿ ಸಾಯುತ್ತದೆ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಕಳೆದ ತಿಂಗಳು ಫ್ಯಾಟ್‌ಹೆಡ್ ಒಂದು ಡಜನ್ ಬಕೆಟ್ಟಿಗೆ ಹಾಕಿ ನಾನೇ ನೋಡಿಕೊಂಡೆ. ನಮ್ಮ ಬಾವಿಯ ನೀರು, ಮುಚ್ಚಳ, ಬ್ಯಾಟರಿಯ ಪುಟ್ಟ ಪಂಪು, ಗ್ಯಾರೇಜಿನ ಮೂಲೆ. ನಾಲ್ಕನೆಯ ದಿನ ಹನ್ನೆರಡೂ ಈಜಾಡುತ್ತಿದ್ದವು. ಹಾಗಾದರೆ ನಿಮ್ಮಲ್ಲಿ ಏಕೆ ಸಾಯುತ್ತವೆ? ಸಿಟ್ಟು ಮಾಡಿಕೊಳ್ಳದೆ ಕೇಳಿ.

ಮೊದಲನೆಯದು ನಿಮ್ಮ ಕಾರಿನ ಹೀಟರು. ನಮ್ಮ ತೊಟ್ಟಿಯ ನೀರು 45 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ನಿಮ್ಮ ಹಿಂದಿನ ಸೀಟು 70ಕ್ಕೂ ಮೇಲೆ. ಹೆಪ್ಪುಗಟ್ಟುವ ಹಂತದ ತಣ್ಣೀರು ಲೀಟರಿಗೆ 14 ಮಿಲಿಗ್ರಾಂಗೂ ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಕೋಣೆಯ ಬೆಚ್ಚಗಿನ ನೀರು ಸುಮಾರು 9 ಮಾತ್ರ. ಮೀನಿಗೆ ಮಾತ್ರ ಬಿಸಿಯಾದಷ್ಟೂ ಉಸಿರು ಜಾಸ್ತಿ ಬೇಕು. ಬಕೆಟ್ಟು ಡಿಕ್ಕಿಯಲ್ಲಿರಲಿ. ಮಂಜಿನ ಮೇಲಿನ ಗುಡಾರದಲ್ಲೂ ಅಷ್ಟೇ, ಸ್ಟೌವಿನ ಪಕ್ಕ ಬೇಡ. ಮೇಲೆ ತೆಳ್ಳಗೆ ಗಡ್ಡೆ ಕಟ್ಟಿದರೆ ಸೌಟಿನಿಂದ ಒಡೆದರಾಯಿತು, ಥರ್ಮೋಕೋಲ್ ಒಳಪದರದ ಬಕೆಟ್ಟಾದರೆ ಅಷ್ಟೂ ತೊಂದರೆಯಿಲ್ಲ.

ಎರಡನೆಯದು ನಿಮ್ಮ ದಯೆ. ಮನೆಗೆ ಹೋಗಿ ನಮ್ಮ "ಕೊಳಕು" ನೀರು ಚೆಲ್ಲಿ ನಲ್ಲಿಯ "ಶುದ್ಧ" ನೀರು ತುಂಬುತ್ತೀರಿ. ಮಿನ್ಯಾಪೊಲಿಸ್, ಸೇಂಟ್ ಪಾಲ್ ಎರಡೂ ಕಡೆ ನಲ್ಲಿ ನೀರಿಗೆ ಕ್ಲೋರಮೈನ್ ಎಂಬ ಕ್ರಿಮಿನಾಶಕ ಬೆರೆಸುತ್ತಾರೆ, ಮೀನಿಗೆ ಅದು ವಿಷ. ಬರಿಯ ಕ್ಲೋರಿನ್ ಆದರೆ ರಾತ್ರಿಯಿಡೀ ತೆರೆದಿಟ್ಟರೆ ಹಾರಿಹೋದೀತು, ಇದು ಹೋಗುವುದಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಅದನ್ನು ತೆಗೆಯುವ ದ್ರವ ಸಿಗುತ್ತದೆ, ಬಾಟಲಿಯ ಮೇಲೆ ಹೇಳಿದಷ್ಟು ಹಾಕಿ. ಬಿಸಿ ನೀರಿಗೆ ತಣ್ಣೀರು, ತಣ್ಣೀರಿಗೆ ಬಿಸಿ ಒಮ್ಮೆಲೇ ಸುರಿಯಬೇಡಿ.

ಒಬ್ಬರು ಅನ್ನದ ಅಗುಳು ಹಾಕಿದ್ದರು, "ಹಸಿದಿರುತ್ತವೆ ಪಾಪ" ಎಂದು. ತಿಂದ ಮೀನು ನೀರಿಗೆ ಅಮೋನಿಯಾ ಬಿಡುತ್ತದೆ, ಉಳಿದ ಅಗುಳು ಕೊಳೆಯುತ್ತದೆ. ಎರಡು ದಿನ ಉಪವಾಸವಿದ್ದರೆ ಮಿನ್ನೋಗೆ ಏನೂ ಆಗುವುದಿಲ್ಲ. ಗಡ್ಡೆ ಕೊರೆಯುವ ಯಂತ್ರಕ್ಕೆ ಪೆಟ್ರೋಲ್ ಹಾಕಿದ ಕೈಯನ್ನು ಬಕೆಟ್ಟಿಗೆ ಅದ್ದುವವರಿಗೆ ನಾನು ಏನೂ ಹೇಳುವುದಿಲ್ಲ.

ಆರಿಸುವುದರ ಬಗ್ಗೆ ಎರಡು ಮಾತು. ಇವತ್ತೇ ಮೊದಲ ಸಲ ಗಾಳ ಹಾಕುವವರು ಫ್ಯಾಟ್‌ಹೆಡ್ ಒಯ್ಯಿರಿ. ಆಮ್ಲಜನಕ ಕಡಿಮೆಯಾದರೂ ತಡೆದುಕೊಳ್ಳುವ ಗಟ್ಟಿ ಜೀವ, ಕ್ರ್ಯಾಪಿ, ಪರ್ಚ್ ಮೀನು ಹಿಡಿಯಲು ಸಾಕು. ಎಮರಾಲ್ಡ್ ಶೈನರಿನ ಬೆಳ್ಳಿ ಮಿಂಚು ಕಂಡರೆ ವಾಲ್‌ಐ ಮೀನು ಬಿಡುವುದಿಲ್ಲ, ಒಪ್ಪುತ್ತೇನೆ. ಆದರೆ ಅದು ಮುಟ್ಟಿದರೆ ಮುನಿ, ಮೈಯ ಹುರುಪೆ ಉದುರಿಸಿಕೊಂಡು ಸಾಯುತ್ತದೆ. ತೊಟ್ಟಿಯಲ್ಲಿ ಸತ್ತ ಶೈನರುಗಳ ಬೆಲೆಯನ್ನು ಫ್ಯಾಟ್‌ಹೆಡ್ ಕೊಳ್ಳುವವರ ತಲೆಗೆ ಕಟ್ಟುವುದು ಸರಿಯಲ್ಲವೆಂದೇ ಅದನ್ನು ಹೇಳಿ ತರಿಸುವ ಮಾಲು ಮಾಡಿದೆವು. ಪೈಕ್ ಮೀನು ಹಿಡಿಯುವವರಿಗೆ ಸಕ್ಕರ್ ಎಂಬ ದೊಡ್ಡ ಎರೆಮೀನು ಎಂದಿನಂತೆ ಇದೆ. ಗಾಳದ ಕೊಕ್ಕೆಯನ್ನು ಅದರ ಬೆನ್ನಿನ ರೆಕ್ಕೆಯ ಕೆಳಗೆ ತೆಳುವಾಗಿ ಚುಚ್ಚಿ, ಬೆನ್ನುಮೂಳೆಗೆ ತಾಗಿದರೆ ಅದು ಮತ್ತೆ ಈಜುವುದಿಲ್ಲ. ಯಾವುದನ್ನೇ ಕೊಳ್ಳಿ, ತೊಟ್ಟಿಯ ಮುಂದೆ ಒಂದು ನಿಮಿಷ ನಿಂತು ನೋಡಿ. ತಳದಲ್ಲಿ ಗುಂಪಾಗಿ, ನೀರಿನ ಸೆಳೆತಕ್ಕೆ ಎದುರಾಗಿ ನಿಂತವು ಗಟ್ಟಿ. ಮೇಲೆ ಬಂದು ಬಾಯಿ ಕಳೆಯುವವು, ಮೈಮೇಲೆ ಹತ್ತಿಯಂಥ ಬೂಷ್ಟು ಕಟ್ಟಿದವು ಬೇಡ. ಬೇಡವೆಂದರೆ ಬೇರೆ ಹಾಕಿಕೊಡುತ್ತೇವೆ, ಎಣಿಸಿ ಕೊಡುವುದರ ಲಾಭವೇ ಅದು.

ಉಳಿದ ಮೀನನ್ನು ಸರೋವರಕ್ಕೆ ಬಿಡಬೇಡಿ, ಕಸದ ಬುಟ್ಟಿಗೆ ಹಾಕಿ. ಮನೆಗೆ ಒಯ್ಯುವುದಾದರೆ ಅಲ್ಲಿಂದ ಹೊರಡುವ ಮೊದಲು ಸರೋವರದ ನೀರು ಪೂರಾ ಚೆಲ್ಲಿ, ನಲ್ಲಿ ನೀರೋ ಬಾಟಲಿ ನೀರೋ ತುಂಬಬೇಕು. ಅದೂ ಕಾನೂನು. ನಲ್ಲಿ ನೀರಾದರೆ ಮೇಲೆ ಹೇಳಿದ ದ್ರವ ಮರೆಯಬೇಡಿ. ಬೇಕೆಂದವರಿಗೆ ನಮ್ಮ ಬಾವಿ ನೀರನ್ನು ಕ್ಯಾನಿನಲ್ಲಿ ತುಂಬಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ಹೊಸ ಮೀನಿನ ಲಾರಿ ಶುಕ್ರವಾರ ಬೆಳಿಗ್ಗೆ ಬರುತ್ತದೆ, ಮಧ್ಯಾಹ್ನದ ಮೇಲೆ ಬಂದರೆ ಮೀನು ಸುಧಾರಿಸಿಕೊಂಡಿರುತ್ತದೆ. ಕಳೆದ ವರ್ಷ ಮುಚ್ಚಳವಿರುವ ನಮ್ಮ ಮೂರು ನೀಲಿ ಬಕೆಟ್ಟುಗಳನ್ನು ಒಯ್ದವರು ದಯವಿಟ್ಟು ತಂದುಕೊಡಿ. ಇದನ್ನು ಬರೆಯಲೇಬೇಕೆಂದು ನನ್ನ ಹೆಂಡತಿ ಪಕ್ಕದಲ್ಲೇ ನಿಂತಿದ್ದಾಳೆ.

ಇಂತು ನಿಮ್ಮ,
ಅಂಗಡಿಯ ಇಬ್ಬರು